ಟೆಂಪ್ಲರ್ ‘ಗ್ರ್ಯಾಂಡ್ ಮಾಸ್ಟರ್’ಗೆ ಕನ್ನಡದಲ್ಲಿ ಏನೆನ್ನೋಣ?

ಬಲ್ಲವರಿಗೆಲ್ಲ ನಮಸ್ಕಾರ.

ಶಿಲುಬೆ ಯುದ್ಧಗಳ (ಕ್ರುಸೇಡ್) ಕಾಲದಲ್ಲಿ ಸನ್ಯಾಸಿಗಳಂತೆ ವ್ರತ ತೊಟ್ಟು ಕಾದುತ್ತಿದ್ದ ಕ್ರೈಸ್ತ ಯೋಧರ ಕೂಟವಾದ ಟೆಂಪ್ಲರ್ ಸಂಘದ ಕೊನೆಯ ನಾಯಕ ಜಾಕ್ ದ ಮೋಲೇಯ ಬಗ್ಗೆ ಲೇಖನವೊಂದನ್ನು ಬರೆಯುತ್ತಿದ್ದೇನೆ. ಅವನ ಪದವಿಯನ್ನು ‘ಗ್ರ್ಯಾಂಡ್ ಮಾಸ್ಟರ್’ ಎಂದೇ ಬಿಟ್ಟರೆ ಪತ್ರಿಕೆ ಓದುವವರಿಗೆ ಚದುರಂಗ ನೆನಪಾಗುತ್ತದೆ. ಕನ್ನಡದ ಪದ ಹುಡುಕಹೋದರೆ ಯಾವುದೂ ಈ ಮನುಷ್ಯನಿಗೆ ಒಪ್ಪುತ್ತಿಲ್ಲ.

ಮೊದಲು ಹೊಳೆದದ್ದು ‘ಮಹಾಗುರು’. ಆದರೆ ಗುರು ಎಂದೊಡನೆ ದೀಕ್ಷೆ, ಉಪದೇಶ, ಶಿಷ್ಯರು ಬಂದುಬಿಡುತ್ತಾರೆ. ಈತನೋ 1309ರ ನವೆಂಬರ್‌ನಲ್ಲಿ, ಸಂಘದ ಮೇಲೆ ಹೊರಿಸಿದ್ದ ಧರ್ಮದ್ರೋಹದ ಆರೋಪಗಳ ವಿಚಾರಣಾ ಮಂಡಲಿಯ ಮುಂದೆ ತಾನು ಓದು ಬಾರದ ಬಡ ಯೋಧ ಎಂದು ಹೇಳಿಕೊಂಡವನು. (ಆ ಕಾಲದಲ್ಲಿ ಓದು ಎಂದರೆ ಲ್ಯಾಟಿನ್ ಎನ್ನುವುದು ಬೇರೆ ಮಾತು.) ಅವನು ಪಾದ್ರಿಯೂ ಅಲ್ಲ. ಪಾದ್ರಿಯಲ್ಲದ ಮುಖ್ಯಸ್ಥ ಪಾಪಗಳನ್ನು ಕ್ಷಮಿಸುತ್ತಿದ್ದ ಎನ್ನುವುದೇ ಸಂಘದ ಮೇಲಿನ ಆರೋಪಗಳಲ್ಲಿ ಒಂದು! ಅಂಥವನನ್ನು ಗುರು ಎಂದರೆ ಫಿರ್ಯಾದಿಗಳ ಪರವಾಗಿ ನಾವೇ ಸಾಕ್ಷಿ ಹೇಳಿದಂತೆ.

‘ದಳವಾಯಿ’, ‘ದಂಡನಾಯಕ’ ಕಿವಿಗೆ ಹಿತವಾಗಿವೆ, ಆದರೆ ಅವು ಅರಸನ ಊಳಿಗದ ಪದವಿಗಳು. ಇಲ್ಲಿ ಎಂಟು ನೈಟ್‌ಗಳು, ನಾಲ್ವರು ಸಾರ್ಜೆಂಟ್‌ಗಳು (ನೈಟ್ ಪದವಿಯಿಲ್ಲದ ಸದಸ್ಯರು), ಒಬ್ಬ ಪಾದ್ರಿ, ಹೀಗೆ ಹದಿಮೂರು ಮಂದಿ ಸೇರಿ ನಾಯಕನನ್ನು ಆರಿಸಬೇಕೆಂಬ ನಿಯಮವಿತ್ತು. ಸಂಘ ತಲೆಬಾಗಬೇಕಾಗಿದ್ದುದು ಪೋಪನಿಗೆ ಮಾತ್ರ. 1307ರ ಅಕ್ಟೋಬರ್ 12ರಂದು ಫ್ರಾನ್ಸಿನ ದೊರೆ ನಾಲ್ಕನೆಯ ಫಿಲಿಪ್ಪನ ತಮ್ಮನ ಹೆಂಡತಿಯ ಅಂತ್ಯಕ್ರಿಯೆಯಲ್ಲಿ ಮೋಲೇ ಗಣ್ಯರ ಸಾಲಿನಲ್ಲಿದ್ದ. ಮರುದಿನ ಬೆಳಗಿನ ಜಾವವೇ ದೊರೆಯ ಆಳುಗಳು ಅವನನ್ನು ಸೆರೆಹಿಡಿದರು. ದಳವಾಯಿ ಎಂದು ಬರೆದರೆ ಇದು ಧಣಿ ತನ್ನ ಆಳನ್ನು ದಂಡಿಸಿದ ಕಥೆಯಾಗುತ್ತದೆ, ನಡೆದದ್ದು ಅದಲ್ಲ.

‘ಪೀಠಾಧಿಪತಿ’ಯಲ್ಲಿ ವ್ರತವೂ ಇದೆ, ಆಡಳಿತವೂ ಇದೆ, ಕತ್ತಿ, ಕುದುರೆ ಇಲ್ಲ. ಮೋಲೇ 1265ರಲ್ಲಿ ಬೋನ್ ಎಂಬಲ್ಲಿ ಬಡತನ, ಬ್ರಹ್ಮಚರ್ಯ, ವಿಧೇಯತೆಯ ವ್ರತ ತೊಟ್ಟವನು. 1291ರಲ್ಲಿ ಪ್ಯಾಲೆಸ್ಟೈನ್ ಕರಾವಳಿಯ ಆಕರ್ ಪಟ್ಟಣ ಈಜಿಪ್ಟನ್ನು ಆಳುತ್ತಿದ್ದ ಮಾಮ್ಲೂಕರ ವಶವಾದ ಮೇಲೆ ಸೈಪ್ರಸ್‌ಗೆ ಹಿಂದೆಗೆದ ಸಂಘಕ್ಕೆ 1292ರ ಹೊತ್ತಿಗೆ ಮುಖ್ಯಸ್ಥನಾದವನು. ಸಿರಿಯಾ ಕರಾವಳಿಯ ರುವಾದ್ ದ್ವೀಪವನ್ನು 1302ರಲ್ಲಿ ಕಳೆದುಕೊಂಡದ್ದೂ ಅವನ ಕಾಲದಲ್ಲೇ.

ಸದ್ಯಕ್ಕೆ ನನ್ನ ಮನಸ್ಸು ‘ಒಡೆಯ’ದ ಕಡೆ ವಾಲಿದೆ. ಮೈಸೂರಿನ ಅರಸರೂ ಒಡೆಯರು, ಜಂಗಮರೂ ಒಡೆಯರು. ಆಳ್ವಿಕೆ, ಆಚಾರ ಎರಡನ್ನೂ ಹೊರಬಲ್ಲ ಪದ. ‘ಮಹಾ’ ಸೇರಿಸುವ ಗೋಜೂ ಬೇಡ, ಏಕೆಂದರೆ ಅಂದಿನ ಲ್ಯಾಟಿನ್ ಪತ್ರಗಳಲ್ಲಿ ಅವನು ಸಾಮಾನ್ಯವಾಗಿ ಬರಿಯ ‘ಮಜಿಸ್ಟರ್’, ಎಂದರೆ ‘ಮಾಸ್ಟರ್’ ಅಷ್ಟೇ. ‘ಸಂಘದೊಡೆಯ’ ಎಂದರೆ ಹೇಗೆ? ನನ್ನದೇ ಆಕ್ಷೇಪವೆಂದರೆ ಇಂದಿನ ಓದುಗರಿಗೆ ಒಡೆಯ ಎಂದರೆ ಆಸ್ತಿಯ ಮಾಲೀಕ. ಬಡತನದ ವ್ರತ ತೊಟ್ಟವನಿಗೆ ಅದು ಒಗ್ಗೀತೇ?

ಇನ್ನೊಂದು ತೊಡಕು. 1312ರಲ್ಲಿ ಪೋಪ್ ಐದನೆಯ ಕ್ಲೆಮೆಂಟ್ ಸಂಘವನ್ನೇ ರದ್ದುಮಾಡಿದ. 1314ರ ಮಾರ್ಚ್‌ನಲ್ಲಿ ಜೀವಾವಧಿ ಸೆರೆಯ ತೀರ್ಪು ಕೇಳಿದೊಡನೆ ಮೋಲೇ ಸೆರೆಯಲ್ಲಿದ್ದಾಗ ಕೊಟ್ಟಿದ್ದ ತಪ್ಪೊಪ್ಪಿಗೆಯನ್ನು ಹಿಂತೆಗೆದುಕೊಂಡ. ಅಂದೇ ಅವನನ್ನು ಪ್ಯಾರಿಸ್ಸಿನ ಸೇನ್ ನದಿಯ ನಡುಗಡ್ಡೆಯೊಂದರಲ್ಲಿ ಸುಟ್ಟರು. ಆ ಸಂಜೆ ಅವನು ಯಾವುದರ ಒಡೆಯ? ‘ಮಾಜಿ’ ಎಂದರೆ ಮಂತ್ರಿಗಿರಿ ಹೋದವನಂತೆ ಕೇಳಿಸುತ್ತದೆ. ಹಳಗನ್ನಡ, ಶಾಸನಗಳ ಪರಿಚಯವಿದ್ದವರು ಇದಕ್ಕಿಂತ ಒಳ್ಳೆಯ ಪದವಿದ್ದರೆ ತಿಳಿಸಿ.