1975: ಇಡೀ ವರ್ಷವನ್ನು ಒಂದೇ ರಾತ್ರಿಗೆ ಇಳಿಸಬಹುದೇ?

ಹಳೆಯ ಕಡತ
ತುರ್ತು ಪರಿಸ್ಥಿತಿಗೆ ಐವತ್ತು ವರ್ಷ ತುಂಬಿದಾಗ ಬಂದ ಬರಹಗಳನ್ನು ಕೂಡಿಟ್ಟುಕೊಂಡು ಓದಿದೆ. ಬಹುತೇಕ ಎಲ್ಲವೂ ಜೂನ್ 26ರಂದು ಶುರುವಾಗಿ ಅಲ್ಲಿಯೇ ಸುತ್ತುತ್ತವೆ. ಅದೇ ವರ್ಷದ ಮಾರ್ಚ್ 15ರಂದು ಭಾರತ ಕ್ವಾಲಾಲಂಪುರದಲ್ಲಿ ಹಾಕಿ ವಿಶ್ವಕಪ್ ಗೆದ್ದಿತ್ತು. ಏಪ್ರಿಲ್ 19ರಂದು, ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಉಡುಪಿ ಕಡೆಯ ಯು.ಆರ್. ರಾವ್ ಅವರ ತಂಡ ಕಟ್ಟಿದ 360 ಕಿಲೋ ತೂಕದ, ಭಾರತದ ಮೊದಲ ಉಪಗ್ರಹ ಆರ್ಯಭಟ ಸೋವಿಯತ್ ನೆಲದಿಂದ ಕಕ್ಷೆ ಸೇರಿತು. ಮೇ ತಿಂಗಳಲ್ಲಿ ಸಿಕ್ಕಿಂ 22ನೇ ರಾಜ್ಯವಾಯಿತು. ಆಗಸ್ಟ್ 15ರಂದು, ರಾಮನಗರದ ಬಂಡೆಗಳ ನಡುವೆ ಚಿತ್ರೀಕರಿಸಿದ ‘ಶೋಲೆ’ ತೆರೆಗೆ ಬಂತು. ಆ ವರ್ಷದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆದದ್ದು ಕನ್ನಡದ ‘ಚೋಮನ ದುಡಿ’. ಇವನ್ನೆಲ್ಲ ಕೈಬಿಟ್ಟು ಬರೆದ 1975 ಅರ್ಧ ಚರಿತ್ರೆ ಎಂಬುದು ನನ್ನ ವಾದ.

ಶಾಸನ ಓದುಗ
ಮೊದಲು ದಿನಾಂಕವನ್ನು ಸರಿಪಡಿಸಿಕೊಳ್ಳಿ. ತುರ್ತು ಪರಿಸ್ಥಿತಿ ಘೋಷಣೆಯಾದದ್ದು ಜೂನ್ 25ರಂದು, 26ರಂದಲ್ಲ. ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಅವರು ಸಂವಿಧಾನದ 352ನೇ ವಿಧಿಯಡಿ ‘ಆಂತರಿಕ ಕ್ಷೋಭೆ’ಯ ಕಾರಣ ನೀಡಿ ಸಹಿ ಹಾಕಿದ್ದು ನಡುರಾತ್ರಿಗೆ ಮುಂಚೆ. ಚರಿತ್ರೆ ಅರ್ಧವಾಯಿತೆಂದು ದೂರುವವರು ಇಷ್ಟನ್ನಾದರೂ ನೋಡಿಕೊಳ್ಳಬೇಕಿತ್ತು.

ತುಂಗಾತೀರ
‘ಅರ್ಧ ಚರಿತ್ರೆ’ ಎಂಬ ಮಾತು ನನಗೆ ನೋವು ತಂದಿದೆ. ನನ್ನ ಚಿಕ್ಕಪ್ಪ ಆ ನವೆಂಬರಿನ ಸತ್ಯಾಗ್ರಹದಲ್ಲಿ ಸೈಕ್ಲೋಸ್ಟೈಲ್ ಮಾಡಿದ ಕರಪತ್ರ ಹಂಚಿದ್ದಕ್ಕೆ ಒಳಗೆ ಹೋದರು. ಅವರು ಜೈಲಿನಿಂದ ಬರೆದ ಒಂದು ಇನ್‌ಲ್ಯಾಂಡ್ ಪತ್ರ ಈಗಲೂ ನಮ್ಮ ಅಟ್ಟದ ಟ್ರಂಕಿನಲ್ಲಿದೆ. ಮೇಲಿನ ಎರಡು ಸಾಲು ಮತ್ತು ಕೊನೆಯ ಸಹಿ ಬಿಟ್ಟರೆ ಉಳಿದದ್ದಕ್ಕೆಲ್ಲ ಕಪ್ಪು ಶಾಯಿ ಬಳಿದಿದ್ದಾರೆ. ಓದಲು ಬಾರದ ಅಜ್ಜಿ ಅದನ್ನು ಮಡಿಲಲ್ಲಿಟ್ಟುಕೊಂಡು, ಆ ಮಸಿಯ ಕೆಳಗೆ ಏನಿದೆ ಎಂದು ಬಂದವರನ್ನೆಲ್ಲ ಕೇಳುತ್ತಿದ್ದರಂತೆ. ತುರ್ತು ಪರಿಸ್ಥಿತಿಯ ಅತಿರೇಕಗಳನ್ನು ವಿಚಾರಿಸಿದ ಶಾ ಆಯೋಗದ ವರದಿಯ ಪ್ರಕಾರ ಹಾಗೆ ಬಂಧಿತರಾದವರು 1,10,806 ಮಂದಿ. ಹಾಕಿಯ ಗೋಲನ್ನು ಈ ಸಂಖ್ಯೆಯ ಪಕ್ಕದಲ್ಲಿಟ್ಟು ಯಾವ ತಕ್ಕಡಿಯಲ್ಲಿ ತೂಗುತ್ತೀರಿ?

ಹಳೆಯ ಕಡತ
1,10,806 ಎಂಬುದು ಮೀಸಾ (ವಿಚಾರಣೆಯಿಲ್ಲದೆ ಬಂಧನದಲ್ಲಿಡುವ ಕಾಯ್ದೆ) ಮತ್ತು ಭಾರತ ರಕ್ಷಣಾ ನಿಯಮಗಳೆರಡನ್ನೂ ಕೂಡಿಸಿದ, 1977ರವರೆಗಿನ ಇಡೀ ಅವಧಿಯ ಲೆಕ್ಕ. ಅದನ್ನು 1975ರ ಅಂಕಿಯಂತೆ ಮುಂದಿಡುವುದು ಸರಿಯಲ್ಲ. ಇನ್ನು ದಿನಾಂಕದ ಮಾತು. ದೇಶಕ್ಕೆ ಸುದ್ದಿ ತಿಳಿದದ್ದು 26ರ ಬೆಳಿಗ್ಗೆ, ಆಕಾಶವಾಣಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರ ಧ್ವನಿ ಕೇಳಿದಾಗ. ಜನರ ಪಾಲಿಗೆ ಅದು 26ರ ಘಟನೆಯೇ.

ಶಾಸನ ಓದುಗ
‘ಜನರ ಪಾಲಿಗೆ’ ಎಂದರೆ ಏನರ್ಥ? ಕಾನೂನು ಜಾರಿಯಾಗಲು ರೇಡಿಯೋ ಹಚ್ಚಬೇಕಿಲ್ಲ. ನಾನು ಈ ದಿನಾಂಕಕ್ಕೆ ಅಂಟಿಕೊಂಡಿರುವುದು ಹಟಕ್ಕಲ್ಲ. 25ರ ರಾತ್ರಿ ದೆಹಲಿಯ ಬಹದ್ದೂರ್ ಷಾ ಜಫರ್ ಮಾರ್ಗದ ಪತ್ರಿಕಾ ಮುದ್ರಣಾಲಯಗಳ ವಿದ್ಯುತ್ ಕಡಿದರು, ಬೆಳಗಾಗುವ ಮುನ್ನವೇ ಸರ್ಕಾರದ ವಿರುದ್ಧದ ಚಳವಳಿಯ ನಾಯಕ ಜಯಪ್ರಕಾಶ ನಾರಾಯಣರನ್ನು ಗಾಂಧಿ ಶಾಂತಿ ಪ್ರತಿಷ್ಠಾನದಿಂದ ಕರೆದೊಯ್ದರು, ಆಮೇಲೆ, ಬೆಳಿಗ್ಗೆ ಆರು ಗಂಟೆಗೆ, ಸಚಿವ ಸಂಪುಟವನ್ನು ಕರೆದು ವಿಷಯ ತಿಳಿಸಿದರು. 26 ಎಂದು ಬರೆದರೆ ಈ ಅನುಕ್ರಮವೇ ಮುಚ್ಚಿಹೋಗುತ್ತದೆ. ಸಂಪುಟದ ಲಿಖಿತ ನಿರ್ಧಾರವಿಲ್ಲದೆ ಘೋಷಣೆ ಕೂಡದೆಂದು 44ನೇ ತಿದ್ದುಪಡಿ ಸೇರಿಸಿದ್ದು ಆ ಕೆಲವು ಗಂಟೆಗಳ ಕಾರಣಕ್ಕೇ.

ಸೋಮವಾರಪೇಟೆ
‘ಹಾಕಿಯ ಗೋಲು’ ಎಂದು ಅಷ್ಟು ಹಗುರವಾಗಿ ಹೇಳಬೇಡಿ. ಫೈನಲ್‌ನಲ್ಲಿ ಪಾಕಿಸ್ತಾನವನ್ನು 2–1ರಿಂದ ಸೋಲಿಸಿದ ಆ ತಂಡದಲ್ಲಿ ನಮ್ಮ ಕೊಡಗಿನ ಬಿ.ಪಿ. ಗೋವಿಂದ ಇದ್ದರು. ಗೆಲುವಿನ ಗೋಲು ಹೊಡೆದ ಅಶೋಕ್ ಕುಮಾರ್ ಧ್ಯಾನಚಂದರ ಮಗ. ಅಲ್ಲಿಂದ ಇಲ್ಲಿಯವರೆಗೆ ನಮ್ಮ ಪುರುಷರ ತಂಡ ಮತ್ತೆ ಆ ಕಪ್ ಮುಟ್ಟಿಲ್ಲ.

ಬಿಸಿಲನಾಡು
ನೀವೆಲ್ಲ ದೆಹಲಿಯ ರಾತ್ರಿಯನ್ನೇ ಹಿಡಿದುಕೊಂಡಿದ್ದೀರಿ. ಆಗಸ್ಟ್ 1ರಂದು ಅಮೆರಿಕದಿಂದ ಎರವಲು ಪಡೆದ ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ದೂರದರ್ಶನ ಬಂತು. ಕರ್ನಾಟಕದಲ್ಲಿ ಅದು ಮೊದಲು ಬಂದದ್ದು ನಮ್ಮ ಕಡೆಯ ಊರುಗಳಿಗೆ. ಶಾಲೆಯ ಬಳಿ ಕೋಳಿಗೂಡಿನ ತಂತಿಬಲೆಯಂಥ ದೊಡ್ಡ ಕೊಡೆಯನ್ನು ಆಕಾಶಕ್ಕೆ ತಿರುಗಿಸಿ ನಿಲ್ಲಿಸಿದ್ದರೆಂದು, ಸಂಜೆಗೆ ಮುಂಚೆ ಅಂಗಳಕ್ಕೆ ನೀರು ಚಿಮುಕಿಸಿ ಧೂಳು ಅಡಗಿಸಿ ಹೆಣ್ಣುಮಕ್ಕಳು ಮುಂದಿನ ಸಾಲು ಹಿಡಿಯುತ್ತಿದ್ದರೆಂದು ನನ್ನ ತಾಯಿ ಹೇಳುತ್ತಾರೆ. ಅದೇ ಅಕ್ಟೋಬರ್ 25ರಿಂದ ಜೀತ ಕಾನೂನುಬಾಹಿರವಾಯಿತು. ನವೆಂಬರಿನಲ್ಲಿ ಹಿಂದುಳಿದ ವರ್ಗಗಳ ಹಾವನೂರು ಆಯೋಗ ದೇವರಾಜ ಅರಸು ಸರ್ಕಾರಕ್ಕೆ ವರದಿ ಕೊಟ್ಟಿತು. ನಮ್ಮ ಕೇರಿಗೆ 1975 ಎಂದರೆ ಇವೂ ಹೌದು.

ತುಂಗಾತೀರ
ಆ ಟಿ.ವಿ. ಸರ್ಕಾರದ್ದೇ ಆಗಿತ್ತಲ್ಲವೇ? ಪತ್ರಿಕೆಗಳ ಪ್ರತಿ ಸಾಲನ್ನೂ ತಪಾಸಣೆ ಮಾಡುತ್ತಿದ್ದ ಕಾಲದಲ್ಲಿ ಸರ್ಕಾರ ತನ್ನದೊಂದೇ ಧ್ವನಿಯನ್ನು ಹಳ್ಳಿಹಳ್ಳಿಗೆ ಮುಟ್ಟಿಸಿದ್ದನ್ನು ಸಾಧನೆ ಎಂದು ನಾನು ಒಪ್ಪಲಾರೆ. ‘ಶೋಲೆ’ಯ ಕೊನೆಯನ್ನೂ ಸೆನ್ಸಾರಿನವರು ಬಿಡಲಿಲ್ಲ. ಠಾಕೂರನು ಗಬ್ಬರನನ್ನು ಕೊಲ್ಲುವ ದೃಶ್ಯ ತೆಗೆಸಿ ಪೊಲೀಸರ ಕೈಗೆ ಒಪ್ಪಿಸುವಂತೆ ಮಾಡಿದರು. ನೀವು ಬೇರೆಬೇರೆ ಎಂದು ಎಣಿಸುವ ಪ್ರತಿಯೊಂದರ ಮೇಲೂ ಆ ರಾತ್ರಿಯ ನೆರಳಿದೆ.

ಬಿಸಿಲನಾಡು
ನಾನು ಜೀತದ ಮಾತು ಬರೆದೆ, ನೀವು ಟಿ.ವಿ.ಯನ್ನು ಮಾತ್ರ ಓದಿದಿರಿ. ಜೂನ್ 25ಕ್ಕಿಂತ ಮುಂಚೆ ಒಡೆಯನ ಹಟ್ಟಿಯಲ್ಲಿ ಮಲಗುತ್ತಿದ್ದವನಿಗೆ ಯಾವ ಸ್ವಾತಂತ್ರ್ಯವಿತ್ತೆಂದು ಅದು ಹೋಯಿತು ಎನ್ನುತ್ತೀರಿ? ನಿಮ್ಮ ಚಿಕ್ಕಪ್ಪನವರ ಬಗ್ಗೆ ನನಗೆ ಗೌರವವಿದೆ. ಆದರೆ ಅವರ ಪತ್ರಕ್ಕೆ ಮಸಿ ಬಳಿದವರಾದರೂ ಇದ್ದರು. ನಮ್ಮ ತಾತನಿಗೆ ಪತ್ರವನ್ನೇ ಬರೆಯಲು ಬರುತ್ತಿರಲಿಲ್ಲ.

ಹಳೆಯ ಕಡತ
‘ಚೋಮನ ದುಡಿ’ಯನ್ನು ನಾನು ಪಟ್ಟಿಗೆ ಸೇರಿಸಿದ್ದು ಇದೇ ಕಾರಣಕ್ಕೆ. ಒಂದು ತುಂಡು ಗದ್ದೆ ಉಳುವ ಆಸೆ ಇಟ್ಟುಕೊಂಡು, ಸಾಲ ತೀರಿಸಲು ಮಕ್ಕಳನ್ನು ಕಾಫಿ ತೋಟಕ್ಕೆ ಕಳಿಸಿ, ಕೊನೆಗೆ ದುಡಿ ಬಡಿಯುತ್ತಲೇ ಸಾಯುವ ಚೋಮನನ್ನು ಬಿ.ವಿ. ಕಾರಂತರು ತೆರೆಗೆ ತಂದದ್ದು, ವಾಸುದೇವ ರಾವ್ ಅತ್ಯುತ್ತಮ ನಟ ಎನಿಸಿದ್ದು ಆ ವರ್ಷವೇ. ಜೀತಕ್ಕೆ ಕಾನೂನು ಬಂದ ವರ್ಷಕ್ಕೂ ಚೋಮ ತೆರೆಯ ಮೇಲೆ ಬಂದ ವರ್ಷಕ್ಕೂ ನಂಟಿಲ್ಲವೆನ್ನುವುದು ಹೇಗೆ?

ತುಂಗಾತೀರ
ಚೋಮನನ್ನು ಬರೆದ ಶಿವರಾಮ ಕಾರಂತರು ತುರ್ತು ಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣವನ್ನು ಹಿಂತಿರುಗಿಸಿದರು. ಅವರ ಕೃತಿಯನ್ನು ನನ್ನ ವಿರುದ್ಧ ಸಾಕ್ಷಿಗೆ ಕರೆಯುವ ಮುನ್ನ ಅದನ್ನು ನೆನಪಿಡಿ.

ಶಾಸನ ಓದುಗ
ಎಲ್ಲರೂ ‘ಜೂನ್ 25’ ಎಂದೇ ಬರೆಯುತ್ತಿದ್ದಾರೆ ಎಂಬುದನ್ನು ಗಮನಿಸಿದ್ದೇನೆ. ಮೂಲ ಬರಹದಲ್ಲಿ ಮಾತ್ರ ಇನ್ನೂ 26 ಎಂದಿದೆ. ಕೇಂದ್ರ ಸರ್ಕಾರ 2024ರಲ್ಲಿ ‘ಸಂವಿಧಾನ ಹತ್ಯಾ ದಿವಸ’ ಎಂದು ಅಧಿಸೂಚನೆ ಹೊರಡಿಸಿದ್ದೂ 25ಕ್ಕೇ.

ಹಳೆಯ ಕಡತ
ಅಧಿಸೂಚನೆಯಿಂದ ಚರಿತ್ರೆ ತೀರ್ಮಾನವಾಗುವುದಾದರೆ 1975ರಲ್ಲಿ ಬಂದ ಅಧಿಸೂಚನೆಗಳನ್ನೂ ನೀವು ಒಪ್ಪಬೇಕಾಗುತ್ತದೆ. ಸಂಸದೀಯ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ ಮತ್ತು ಅಡ್ವಾಣಿಯವರ ಬಂಧನವಾದದ್ದು 26ರ ಬೆಳಿಗ್ಗೆ. ನಮ್ಮ ಊರಿಗೆ ತುರ್ತು ಪರಿಸ್ಥಿತಿ ಕಾಲಿಟ್ಟದ್ದು ಆಗ.

ಶಾಸನ ಓದುಗ
ನಾನು ಸಂಪುಟದ ಬೆನ್ನ ಹಿಂದೆ ನಡೆದದ್ದನ್ನು ಹೇಳಿದರೆ ನೀವು ಬೆಂಗಳೂರಿನ ಬೆಳಗನ್ನು ತೋರಿಸುತ್ತೀರಿ. ಕಳ್ಳ ನುಗ್ಗಿದ ಹೊತ್ತು ಮತ್ತು ಮನೆಯವರು ಎದ್ದ ಹೊತ್ತು ಬೇರೆಬೇರೆ. ದಾಖಲೆಗೆ ಬೇಕಾಗುವುದು ಮೊದಲನೆಯದು.

ಹಳೆಯ ಕಡತ
ಮೊದಲ ಸಾಲನ್ನು ‘ಜೂನ್ 25ರ ರಾತ್ರಿ ಮತ್ತು 26ರ ಬೆಳಿಗ್ಗೆ’ ಎಂದು ತಿದ್ದುತ್ತೇನೆ. ಉಳಿದ ಒಂದು ಅಕ್ಷರವನ್ನೂ ತೆಗೆಯುವುದಿಲ್ಲ.

ಶಾಸನ ಓದುಗ
‘26ರ ಬೆಳಿಗ್ಗೆ’ಯನ್ನೂ ತೆಗೆಯಬೇಕು.

ಬಿಸಿಲನಾಡು
ಪಟ್ಟಿಗೆ ಅಕ್ಟೋಬರ್ 25ನ್ನು ಯಾವಾಗ ಸೇರಿಸುತ್ತೀರಿ ಎಂದು ಕೇಳಿದ್ದರೆ ಇಷ್ಟು ಹೊತ್ತಿಗೆ ಉತ್ತರ ಬರುತ್ತಿತ್ತೇನೋ. ಈಗ ಕೇಳುತ್ತಿದ್ದೇನೆ.