ಕ್ಯಾಲೊರಿಕ್‌ನಲ್ಲಿ ದೋಷ, ವಿಹಿಟ್‌ನಲ್ಲಿ ಸರಿ: ಯಾವುದನ್ನು ನಂಬುವುದು?

ಪ್ರಶ್ನೆ:
ತಲೆಸುತ್ತಿನ ರೋಗಿ. ಕ್ಯಾಲೊರಿಕ್‌ನಲ್ಲಿ (ಕಿವಿಗೆ ಬಿಸಿ, ತಂಪು ನೀರು ಹಾಯಿಸಿ ಕಣ್ಣಿನ ಅದುರು ನೋಡುವ ಪರೀಕ್ಷೆ) ಎಡಗಿವಿ 41% ದುರ್ಬಲ. ವಿಹಿಟ್‌ನಲ್ಲಿ (ತಲೆಯನ್ನು ಥಟ್ಟನೆ ತಿರುಗಿಸಿ ಕಣ್ಣಿನ ಚಲನೆಯನ್ನು ಕ್ಯಾಮೆರಾದಿಂದ ಅಳೆಯುವ ಪರೀಕ್ಷೆ) ಎಡ ಒಳಗಿವಿಯ ಅಡ್ಡನಾಳದ ಗೇನ್ (ತಲೆಯ ವೇಗಕ್ಕೆ ಕಣ್ಣಿನ ವೇಗದ ಅನುಪಾತ) 0.94, ಅಂದರೆ ಸರಿ; ಸಕಾಡ್ (ಹಿಂದೆ ಬಿದ್ದ ಕಣ್ಣು ಜಿಗಿದು ಗುರಿ ಸೇರುವುದು) ಇಲ್ಲ. ಎಡಗಡೆ ವೆಸ್ಟಿಬ್ಯುಲಾರ್ ನ್ಯೂರೈಟಿಸ್ (ಸಮತೋಲನದ ನರದ ಉರಿಯೂತ) ಅಂತ ಬರೆಯಬಹುದೇ?

ಉತ್ತರ 1:
ಮೊದಲು ಕಿವಿಯೊಳಗೆ ಇಣುಕಿ ನೋಡಿ. ಗುಗ್ಗೆ ಅಡ್ಡವಿದ್ದರೆ ನೀರಿನ ಬಿಸಿ, ತಂಪು ಒಳಕ್ಕೆ ಮುಟ್ಟುವುದಿಲ್ಲ. ಇಲ್ಲದ ದೌರ್ಬಲ್ಯ ಕಾಣುತ್ತದೆ. ತಮಟೆ ತೂತಾಗಿದ್ದರೆ ನೀರು ಹಾಯಿಸಲೇಬೇಡಿ. ತಲೆ 30 ಡಿಗ್ರಿ ಮೇಲೆತ್ತಿ, ಪ್ರತಿ ಕಿವಿಗೂ 30 ಮತ್ತು 44 ಡಿಗ್ರಿ ಸೆಲ್ಸಿಯಸ್ ನೀರು, ಪ್ರತಿ ಸಲ 30 ಸೆಕೆಂಡಿಗೆ 250 ಮಿ.ಲೀ. ಆಗ ಕಣ್ಣು ಕತ್ತಲಲ್ಲಿ ತೆರೆದೇ ಇರಬೇಕು, ನೋಟ ನೆಟ್ಟರೆ ನಿಸ್ಟಾಗ್ಮಸ್ (ಕಣ್ಣಿನ ಅದುರು) ಅಡಗುತ್ತದೆ. ಮಂಪರು ಹತ್ತಿದರೂ ಅಷ್ಟೇ. ಅದಕ್ಕೇ ನಾಲ್ಕೂ ಸಲ 100ರಿಂದ 7 ಕಳೆಯುತ್ತ ಹೋಗಲು ಹೇಳಿ. ಒಂದು ಸಲ ಮರೆತರೂ ಲೆಕ್ಕ ಒಂದು ಕಡೆಗೆ ವಾಲುತ್ತದೆ.

ಉತ್ತರ 2:
ವಿಹಿಟ್ ಕನ್ನಡಕವೂ ಬಿಗಿಯಾಗಿರಬೇಕು. ಪಟ್ಟಿ ಸಡಿಲವಿದ್ದು ಜಾರಿದರೆ ಗೇನ್ ಸುಳ್ಳೇ ಏರುತ್ತದೆ. ತಲೆ ತಿರುಗಿಸುವುದು 10ರಿಂದ 20 ಡಿಗ್ರಿ ಸಾಕು, ಆದರೆ ಥಟ್ಟನೆ, ಯಾವ ಕಡೆಗೆಂದು ರೋಗಿಗೆ ಮೊದಲೇ ಗೊತ್ತಾಗದಂತೆ.

ಎರಡೂ ಸರಿಯಾಗಿ ಆಗಿದ್ದರೆ ಎರಡನ್ನೂ ನಂಬಿ. ಕ್ಯಾಲೊರಿಕ್ ಅಳೆಯುವುದು ಅತಿ ನಿಧಾನದ ಚಲನೆ, ಸುಮಾರು 0.003 ಹರ್ಟ್ಸ್, ವಿಹಿಟ್ ಅಳೆಯುವುದು ಮಿಂಚಿನಂಥ ಚಲನೆ. ನ್ಯೂರೈಟಿಸ್‌ನ ಹೊಸದರಲ್ಲಿ ಸಾಮಾನ್ಯವಾಗಿ ಎರಡೂ ಕೆಡುತ್ತವೆ. ಕ್ಯಾಲೊರಿಕ್ ಮಾತ್ರ ಕೆಟ್ಟರೆ ನನ್ನ ಅನುಮಾನ ಮೆನಿಯೆರ್ (ಒಳಗಿವಿಯಲ್ಲಿ ದ್ರವ ತುಂಬಿ ಉಬ್ಬುವ ಕಾಯಿಲೆ) ಮೇಲೆ. ಒಳನಾಳ ಉಬ್ಬಿದಾಗ ಬಿಸಿಯಾದ ದ್ರವ ಅಲ್ಲಲ್ಲೇ ಸುತ್ತಿಕೊಂಡು ಕುಪ್ಯುಲಾವನ್ನು (ನಾಳದೊಳಗೆ ಚಲನೆ ಗ್ರಹಿಸುವ ಮೆತ್ತೆ) ತಳ್ಳುವುದಿಲ್ಲ ಎಂಬುದು ಒಂದು ವಿವರಣೆ. ತಲೆಸುತ್ತು ಎಷ್ಟು ಹೊತ್ತು ಇರುತ್ತದೆ? ಆಡಿಯೋಗ್ರಾಂ (ಕೇಳುವ ಶಕ್ತಿಯ ನಕ್ಷೆ) ಇದೆಯೇ?

ಪ್ರಶ್ನೆ ಕೇಳಿದವರು:
ಕಿವಿ, ತಮಟೆ ಎರಡೂ ಸರಿ ಇವೆ. ಸುತ್ತು ಎರಡು ಮೂರು ಗಂಟೆ ಇದ್ದು ಹೋಗುತ್ತದೆ, ಇದುವರೆಗೆ ನಾಲ್ಕು ಸಲ. ಆಗೆಲ್ಲ ಎಡಗಿವಿ ಕಟ್ಟಿದ ಹಾಗೆ. ಆಡಿಯೋಗ್ರಾಂನಲ್ಲಿ ಎಡಗಡೆ ಕೆಳ ಆವರ್ತನಗಳಲ್ಲಿ ನರಸಂಬಂಧಿ ಕಿವುಡು.

ಉತ್ತರ 2:
ಹಾಗಾದರೆ ನ್ಯೂರೈಟಿಸ್ ಅಂತ ಬರೆಯಬೇಡಿ. ಅದರಲ್ಲಿ ಸುತ್ತು ಬಿಡುವಿಲ್ಲದೆ ದಿನಗಟ್ಟಲೆ ಇರುತ್ತದೆ, ಕೇಳುವುದು ಕೆಡುವುದಿಲ್ಲ. ತಲೆಸುತ್ತು ತಜ್ಞರ ಅಂತರರಾಷ್ಟ್ರೀಯ ಸಂಘವಾದ ಬಾರಾನಿ ಸೊಸೈಟಿಯ 2015ರ ಮಾನದಂಡದಂತೆ ಮೆನಿಯೆರ್ ಖಚಿತವೆನ್ನಲು 20 ನಿಮಿಷದಿಂದ 12 ಗಂಟೆಯ ಸುತ್ತು ಕನಿಷ್ಠ ಎರಡು ಸಲ, ಜೊತೆಗೆ ಇಂಥದೇ ಆಡಿಯೋಗ್ರಾಂ ಬೇಕು.

ಉತ್ತರ 3:
ಒಂದೇ ಕಿವಿ ಕೆಟ್ಟಿರುವುದರಿಂದ ಗ್ಯಾಡೊಲಿನಿಯಂ (ಚಿತ್ರದಲ್ಲಿ ಗಡ್ಡೆ ಎದ್ದು ಕಾಣಲು ಕೊಡುವ ಚುಚ್ಚುಮದ್ದು) ಹಾಕಿ ಎಂಆರ್‌ಐ ಮಾಡಿಸಿ, ನರದ ಮೇಲಿನ ಗಡ್ಡೆಯಾದ ಶ್ವಾನೋಮಾ ಇಲ್ಲವೆಂದು ಖಚಿತವಾಗಲಿ. ಮುಂದೆ ಇವರಿಗೇ ದಿನಗಟ್ಟಲೆ ಬಿಡದ ಸುತ್ತು ಬಂದು, ಆಗಲೂ ವಿಹಿಟ್ ಸರಿ ಇದ್ದರೆ ಸಮಾಧಾನಪಡಬೇಡಿ. ಅದು ಮೆದುಳಿನ ಸ್ಟ್ರೋಕ್‌ನ ಸುಳಿವು, ತಕ್ಷಣ ತುರ್ತು ಚಿಕಿತ್ಸೆಗೆ ಕಳಿಸಿ.