ಅಪ್‌ಡೇಟ್: ಕೋರ್ಟ್ ದಂಡಕ್ಕೆ ಮುರಿದುಕೊಂಡ ಟ್ಯಾಕ್ಸ್ ರೀಫಂಡ್

ಕ್ಯಾಲಿಫೋರ್ನಿಯಾದಲ್ಲಿ ನಮ್ಮ ರಾಜ್ಯ ತೆರಿಗೆಯ ರೀಫಂಡನ್ನು ಯಜಮಾನರ 2019ರ ಟ್ರಾಫಿಕ್ ದಂಡಕ್ಕೆ ಮುರಿದುಕೊಂಡಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ತೆರಿಗೆ ಇಲಾಖೆಗೆ ಫೋನ್ ಮಾಡಿ ಪ್ರಯೋಜನವಿಲ್ಲ. ಅವರು ಹಣ ಹಿಡಿದು ಕಳಿಸುವವರಷ್ಟೇ, ತಕರಾರು ಏನಿದ್ದರೂ ಕೋರ್ಟಿನಲ್ಲೇ. ಅಲ್ಲಿನ ಕ್ಲರ್ಕ್ ಲೆಕ್ಕ ಬಿಡಿಸಿ ತೋರಿಸಿದಾಗ, ಮೂಲ ದಂಡದ ಕೆಳಗೆ ಹಾಜರಾಗದ್ದಕ್ಕೆ ಹೇರಿದ 300 ಡಾಲರ್ ಪ್ರತ್ಯೇಕ ಸಾಲಿನಲ್ಲಿತ್ತು. 2022ರ ಜುಲೈ 1ಕ್ಕೆ ಮೊದಲು ಹಾಕಿದ ಇಂಥ ಬಾಕಿಯನ್ನು ರಾಜ್ಯದ ಕಾನೂನೇ ಮನ್ನಾ ಮಾಡಿದೆ! ಅದನ್ನು ತೆಗೆದುಹಾಕಿದರು. ಮೂಲ ದಂಡ ಕಳೆದು ಉಳಿದದ್ದು ಚೆಕ್ ಮೂಲಕ ಬರುತ್ತದಂತೆ.

ಫೆಡರಲ್ ರೀಫಂಡ್ ಪೂರ್ತಿ ಬಂದಿದೆ. ಟ್ರಾಫಿಕ್ ದಂಡಕ್ಕೆ ಅದನ್ನು ಹಿಡಿಯುವಂತಿಲ್ಲ. ಇಂಥ ನೋಟಿಸ್ ಬಂದವರು ದಯವಿಟ್ಟು ಸಾಲುಸಾಲಾಗಿ ಲೆಕ್ಕ ಕೇಳಿ.